ಮೈಗಳ್ಳನ ಹೊಲದ ಕಾರ್ಬನ್

ಪೋಸ್ಟ್‌ಮ್ಯಾನ್‌ಗೆ ಒಂದು ನಿಯತ್ತಿತ್ತು. ಇನ್ನೊಬ್ಬರ ಕಾಗದವನ್ನು ಅವನು ಎಂದೂ ಪೂರ್ತಿ ಓದುತ್ತಿರಲಿಲ್ಲ, ಅರ್ಧ ಮಾತ್ರ ಓದುತ್ತಿದ್ದ. ಆ ದಿನ ಬೆಳಿಗ್ಗೆ ಕೃಷಿ ಇಲಾಖೆಯಿಂದ ಬಂದ ಕಾರ್ಡನ್ನೂ ಹಾಗೇ ಓದಿದ. ‘ನಿಮ್ಮ ಹೊಲದ ಮಣ್ಣಿನಲ್ಲಿ ಕಾರ್ಬನ್ ಪ್ರಮಾಣ ಈ ಭಾಗದಲ್ಲೇ ಅತಿ ಹೆಚ್ಚು ಇರುವುದು ಪರೀಕ್ಷೆಯಲ್ಲಿ ಕಂಡುಬಂದಿದೆ. ಹದಿನಾಲ್ಕನೇ ತಾರೀಕು ಮಧ್ಯಾಹ್ನ ಮೂರು ಗಂಟೆಗೆ ಅಧಿಕಾರಿಗಳು ಸ್ಥಳ ತಪಾಸಣೆಗೆ ಬರುತ್ತಾರೆ.’ ಅಲ್ಲಿಗೆ ಅರ್ಧವಾಯಿತು. ಹದಿನಾಲ್ಕು ಅಂದರೆ ಇವತ್ತೇ. ಸೈಕಲ್ ತುಳಿಯುತ್ತಾ ದಾರಿಯಲ್ಲಿ ಸಿಕ್ಕವರಿಗೆಲ್ಲ ಆ ಅರ್ಧವನ್ನು ಹಂಚಿಕೊಂಡೇ ಅವನು ಮೈಗಳ್ಳನ ಮನೆ ಮುಟ್ಟಿದ್ದು.

ಮೈಗಳ್ಳ ಅನ್ನುವುದು ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಊರು ಇಟ್ಟದ್ದು. ಏಳು ವರ್ಷದ ಹಿಂದೆ ಸರಿಯಾಗಿ ಉಳುವ ಹೊತ್ತಿಗೆ ಅವನ ಸೊಂಟ ಹಿಡಿದುಕೊಂಡಿತು. ಬಗ್ಗಲಾರ, ಏಳಲಾರ. ಹಳೆ ಬೆಳೆಯ ಕೂಳೆ ಹೊಲದಲ್ಲಿ ಹಾಗೇ ನಿಂತಿತ್ತು. ಹೆಂಡತಿ ಕೋಲಿನಿಂದ ತೂತು ಮಾಡಿ, ಹುಲ್ಲಿನ ನಡುವೆಯೇ ಬೀಜ ಹಾಕಿದಳು. ಬೆಳೆ ಬಂತು, ಅದೂ ಚೆನ್ನಾಗಿಯೇ ಬಂತು. ಮರುವರ್ಷ ಸೊಂಟ ಸರಿಹೋಗಿತ್ತು, ಆದರೆ ನೆಟ್ಟಗಿರುವುದನ್ನು ಕೆಡಿಸುವುದು ಯಾಕೆ ಅಂತ ಇಬ್ಬರೂ ಸುಮ್ಮನಿದ್ದರು. ಕಟಾವಾದ ಮೇಲೆ ದಂಟನ್ನು ಅಲ್ಲೇ ಹರಡುತ್ತಿದ್ದರು, ಮಧ್ಯೆ ಕಾಳಿನ ಬಳ್ಳಿ ಬಿಡುತ್ತಿದ್ದರು. ಸುತ್ತಲಿನವರು ಮೂರು ಮೂರು ಸಲ ಉತ್ತು ಹೊಲವನ್ನು ಬಾಚಿದ ತಲೆಯಂತೆ ಇಟ್ಟುಕೊಂಡಿದ್ದರೆ ಇವನದು ಎದ್ದ ಹಾಸಿಗೆಯ ಹಾಗೆ ಕಾಣುತ್ತಿತ್ತು. ಇದು ಸೋಮಾರಿತನವೋ ಪದ್ಧತಿಯೋ ಅಂತ ಕೇಳಿದರೆ ಅವನಿಗೇ ಗ್ಯಾರಂಟಿ ಇರಲಿಲ್ಲ.

ಹೆಸರು ಅವನಿಗಷ್ಟೇ ಅಂಟಿದ್ದರೆ ನುಂಗಿಕೊಳ್ಳುತ್ತಿದ್ದ. ಹಾಲಿನ ಡೈರಿಯಲ್ಲಿ ಹೆಂಡತಿಯನ್ನು ‘ಮೈಗಳ್ಳನ ಮನೆಯವರು’ ಅಂತ ಕೂಗುತ್ತಿದ್ದರು. ಅವಳು ನಕ್ಕು ಕ್ಯಾನು ಮುಂದಿಡುತ್ತಿದ್ದಳು, ಮನೆಗೆ ಬಂದು ಪಾತ್ರೆಗಳನ್ನು ಸ್ವಲ್ಪ ಜೋರಾಗಿ ತೊಳೆಯುತ್ತಿದ್ದಳು. ಆ ಸದ್ದು ಅವನಿಗೆ ಅರ್ಥವಾಗುತ್ತಿತ್ತು. ಇನ್ನು ಮಾವ, ಅಂದರೆ ಹೆಂಡತಿಯ ಅಪ್ಪ, ಮೂವತ್ತು ವರ್ಷ ಲಾರಿ ಓಡಿಸಿದ ಆಸಾಮಿ. ವಾರದಿಂದ ಇಲ್ಲೇ ಠಿಕಾಣಿ ಹೂಡಿದ್ದ. ಮದುವೆಯಾಗಿ ಹನ್ನೊಂದು ವರ್ಷವಾದರೂ ಇವನನ್ನು ಬಾಯ್ತುಂಬ ‘ಅಳಿಯಂದಿರೇ’ ಅಂದದ್ದಿಲ್ಲ.

ಮೈಗಳ್ಳ ಕಾರ್ಡಿನ ಉಳಿದರ್ಧ ಓದಿದ. ‘ಉಳದೆ, ಕೂಳೆ ಸುಡದೆ ಮಣ್ಣಿನಲ್ಲಿ ಇಷ್ಟು ಕಾರ್ಬನ್ ಉಳಿಸಿರುವುದಕ್ಕೆ ಅಭಿನಂದನೆಗಳು. ಇದನ್ನು ಮಾದರಿ ಹೊಲವೆಂದು ಘೋಷಿಸಲಾಗುವುದು. ಅಲ್ಲಿಯವರೆಗೆ ಮಣ್ಣನ್ನು ಕದಲಿಸಬಾರದು, ಕದಲಿಸಿದರೆ ಆಯ್ಕೆ ರದ್ದು.’

ಹೆಂಡತಿ ಎರಡು ಸಲ ಓದಿಸಿಕೊಂಡಳು. ಕಣ್ಣು ಒರೆಸಿಕೊಂಡಳು. “ಇರಿ, ಅಕ್ಕನಿಗೆ ತೋರಿಸ್ಕೊಂಡು ಬರ್ತೀನಿ,” ಅಂತ ಕಾರ್ಡು ಹಿಡಿದು ಊರಿನ ಆ ತುದಿಗೆ ಹೋದಳು. ಇವನು ಗಡ್ಡಕ್ಕೆ ಸೋಪು ಹಚ್ಚಿಕೊಂಡು ಕನ್ನಡಿಯ ಮುಂದೆ ಕೂತ. ಮೂರು ಗಂಟೆಗೆ ಊರಿನವರ ಎದುರು ಒಬ್ಬ ಅಧಿಕಾರಿ ನಾಲ್ಕು ಒಳ್ಳೆ ಮಾತು ಹೇಳಿಬಿಟ್ಟರೆ ಸಾಕು, ಆ ಹೆಸರು ತೊಲಗುತ್ತದೆ.

ಅರ್ಧ ಕೆನ್ನೆ ಮುಗಿದಿತ್ತು, ಹೊಲದ ಕಡೆಯಿಂದ ಟ್ರಾಕ್ಟರ್ ಸದ್ದು ಬಂತು. ನೋಡಿದರೆ ಪಕ್ಕದ ಹೊಲದವನ ಟ್ರಾಕ್ಟರು ನೇಗಿಲು ಕಟ್ಟಿಕೊಂಡು ಇವನ ಹೊಲದ ಬದುವಿನ ಮೇಲೆ ನಿಂತಿದೆ. ಪಕ್ಕದಲ್ಲಿ ಮಾವ ಕೈಬೀಸಿ ದಾರಿ ತೋರಿಸುತ್ತಿದ್ದಾನೆ. ಪೋಸ್ಟ್‌ಮ್ಯಾನ್ ಸೈಕಲ್ ಒರಗಿಸಿ, ಕಿಸೆಯಲ್ಲಿ ಬೆಂಕಿಪೊಟ್ಟಣ ಹುಡುಕುತ್ತಿದ್ದಾನೆ.

ಮೈಗಳ್ಳ ಸೋಪಿನ ಮುಖದಲ್ಲೇ ಓಡಿದ.

“ಏನ್ ಮಾಡ್ತಿದೀರಾ?”

“ನಿನ್ನನ್ನ ಉಳಿಸ್ತಿದೀವಿ,” ಅಂದ ಟ್ರಾಕ್ಟರ್ ಮೇಲೆ ಕೂತಿದ್ದ ಪಕ್ಕದ ಹೊಲದವ. “ಹಗರಣ ಎಲ್ಲ ಗೊತ್ತಾಯ್ತು. ಕಾರ್ಬನ್ ಜಾಸ್ತಿ ಇಟ್ಕೊಂಡಿದೀಯಂತೆ.”

“ಅದು ಒಳ್ಳೇದು ಕಣಯ್ಯ.”

ಮಾವ ಕನಿಕರದಿಂದ ತಲೆಯಾಡಿಸಿದ. “ನಂಗೆ ಹೇಳ್ಬೇಡ. ನನ್ನ ಲಾರಿ ಹೊಗೇಲಿ ಕಾರ್ಬನ್ ಜಾಸ್ತಿ ಅಂತ ಮೂರು ಸಲ ದಂಡ ಕಟ್ಟಿದೀನಿ. ಮೂರನೇ ಸಲ ಗಾಡೀನೇ ನಿಲ್ಲಿಸ್ಕೊಂಡ್ರು. ನಾಳೆ ಹೊಲಾನೇ ನಿಲ್ಲಿಸ್ಕೊಂಡ್ರೆ ನನ್ನ ಮಗಳ ಗತಿ ಏನು?”

“ಕೂಳೆ ಸುಟ್ಟು, ನೆಲ ಮಗುಚಿ ಹಾಕಿ ಗಾಳಿ ಆಡಿಸಿದ್ರೆ ಕಾರ್ಬನ್ ಹಾರಿಹೋಗುತ್ತೆ,” ಅಂದ ಪಕ್ಕದ ಹೊಲದವ. “ಮೂರು ಗಂಟೆಗೆ ಅವ್ರು ಬಂದಾಗ ಹೊಲ ಖಾಲಿ. ಏನೂ ಸಿಗಲ್ಲ.”

ದುರಂತವೆಂದರೆ ಆ ಮಾತು ನಿಜವೇ ಆಗಿತ್ತು. ಇಷ್ಟು ವರ್ಷದಲ್ಲಿ ಮಣ್ಣಿನ ಬಗ್ಗೆ ಅವನು ಆಡಿದ ಒಂದೇ ಒಂದು ಸರಿಯಾದ ಮಾತು ಅದು, ಅದೂ ಇಂಥ ಹೊತ್ತಿನಲ್ಲಿ.

“ಅಭಿನಂದನೆ ಅಂತ ಬರೆದಿದಾರೆ. ಮಾದರಿ ಹೊಲವಂತೆ.”

ಮೂವರೂ ಮುಖ ಮುಖ ನೋಡಿಕೊಂಡರು. ಪೋಸ್ಟ್‌ಮ್ಯಾನ್ ಮೆಲ್ಲಗೆ ಕೇಳಿದ: “ಯಾರ್ದು? ನಿಂದಾ? ಕಾರ್ಡು ತೋರ್ಸು.”

ಕಾರ್ಡು ಊರಿನ ಆ ತುದಿಯಲ್ಲಿ ಹೆಂಡತಿಯ ಅಕ್ಕನ ಮನೆಯಲ್ಲಿತ್ತು. ಪಾಪ, ಭಯಕ್ಕೆ ತಲೆ ಕೆಟ್ಟಿದೆ ಅಂತ ಮಾವ ತೀರ್ಮಾನಿಸಿ ಟ್ರಾಕ್ಟರಿಗೆ ಸನ್ನೆ ಮಾಡಿದ.

ಆಮೇಲೆ ನಡೆದದ್ದನ್ನು ನೋಡಿದವರು ಇವತ್ತಿಗೂ ನಂಬುವುದಿಲ್ಲ. ಮೈಗಳ್ಳ ಟ್ರಾಕ್ಟರಿನ ಮುಂದೆ ಉದ್ದಕ್ಕೆ ಮಲಗಿದ. ಟ್ರಾಕ್ಟರು ಹಿಂದೆ ಹೋಗಿ ಇನ್ನೊಂದು ಬದಿಯಿಂದ ಬಂತು. ಇವನು ಎದ್ದು ಓಡಿ ಅಲ್ಲೂ ಮಲಗಿದ. ಮತ್ತೆ ಎದ್ದ, ಮತ್ತೆ ಮಲಗಿದ. ಅಷ್ಟರಲ್ಲಿ ಪೋಸ್ಟ್‌ಮ್ಯಾನ್ ಮೂಲೆಯ ಕೂಳೆಗೆ ಕಡ್ಡಿ ಗೀರಿದ್ದ. ಇವನು ಬಾವಿಗೆ ಓಡಿ ನೀರು ಸೇದಿ ತಂದು ಸುರಿದ. ಅದು ಆರಿತು, ಇನ್ನೊಂದು ಮೂಲೆಯಲ್ಲಿ ಹೊಗೆ ಎದ್ದಿತು. ಹನ್ನೆರಡು ಕೊಡ ನೀರು ಹೊತ್ತ. ಮುಳ್ಳು ಕಡಿದು ತಂದು ಬದುವಿಗೆ ಅಡ್ಡ ಹಾಕಿದ, ಕಲ್ಲು ಉರುಳಿಸಿ ತಂದು ದಾರಿ ಕಟ್ಟಿದ. ಹೊಲದಲ್ಲಿ ಯಾರೂ ಕೆಲಸ ಮಾಡದ ಹಾಗೆ ನೋಡಿಕೊಳ್ಳುವುದಕ್ಕೆ ಅವನು ಆ ದಿನ ಪಟ್ಟ ಪಾಡನ್ನು ಊರಿನ ಯಾವ ರೈತನೂ ಒಂದು ಬೆಳೆಗೆ ಪಟ್ಟಿರಲಾರ.

ಅಕ್ಕನ ಮನೆಯಲ್ಲಿ ಊಟ ಮುಗಿಸಿ ಎರಡೂವರೆಗೆ ಹೆಂಡತಿ ಬಂದಳು. ಗಂಡ ಅರ್ಧ ಗಡ್ಡದಲ್ಲಿ, ಮೈಯೆಲ್ಲ ಕೆಸರಾಗಿ, ಟ್ರಾಕ್ಟರಿನ ಮುಂದೆ ಅಂಗಾತ ಬಿದ್ದಿದ್ದಾನೆ. ಅವಳು ನೆಟ್ಟಗೆ ಹೋಗಿ ಟ್ರಾಕ್ಟರಿನ ಬೀಗದ ಕೈ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಪೋಸ್ಟ್‌ಮ್ಯಾನ್ ಕೈಯಿಂದ ಬೆಂಕಿಪೊಟ್ಟಣ ಇಸಿದುಕೊಂಡಳು. ಕಾರ್ಡನ್ನು ಅಪ್ಪನ ಮೂಗಿನ ಮುಂದೆ ಹಿಡಿದು, “ಓದಿ. ಪೂರ್ತಿ ಓದಿ,” ಅಂದಳು.

ಮಾವ ಓದುತ್ತಿರುವಾಗಲೇ ಜೀಪು ಬಂತು.

ಅಧಿಕಾರಿ ಕನ್ನಡಕದ ಹೆಂಗಸು, ಮಣ್ಣು ಕಂಡರೆ ಮಗು ಕಂಡಷ್ಟು ಖುಷಿ. ಉದ್ದ ಕೊಳವೆಯೊಂದನ್ನು ನೆಲಕ್ಕೆ ಚುಚ್ಚಿ ತಿರುವಿ ಎತ್ತಿದರು. ಕಪ್ಪು ಮಣ್ಣು, ಪುಡಿಪುಡಿಯಾಗಿ, ಎರೆಹುಳು ಸಮೇತ ಬಂತು. ಅದೇ ಕೊಳವೆ ಪಕ್ಕದ ಹೊಲದಲ್ಲಿ ಗೇಣುದ್ದ ಇಳಿದು ಗಟ್ಟಿ ನೆಲಕ್ಕೆ ತಾಗಿ ನಿಂತಿತು. ಬಂದದ್ದು ಬೂದುಬಣ್ಣದ ಹೆಂಟೆ.

“ನೋಡಿ,” ಅಂದರು ಅಧಿಕಾರಿ. “ಗಿಡ ಗಾಳಿಯಿಂದ ಕಾರ್ಬನ್ ಎಳ್ಕೊಳ್ಳುತ್ತೆ. ಬೇರು, ದಂಟು ಮಣ್ಣಲ್ಲೇ ಕೊಳೆತಾಗ ಅದರಲ್ಲಿ ಒಂದು ಪಾಲು ಅಲ್ಲೇ ಉಳ್ಕೊಳ್ಳುತ್ತೆ. ನೀವು ಉತ್ತು ಉತ್ತು, ಸುಟ್ಟು ಸುಟ್ಟು ಅದನ್ನ ವಾಪಸ್ ಗಾಳಿಗೆ ಕಳಿಸ್ತೀರಿ. ಇವರು ಕಳಿಸಿಲ್ಲ. ಇಡೀ ಸುತ್ತಮುತ್ತಲಲ್ಲಿ ಬುದ್ಧಿವಂತ ರೈತ ಅಂದ್ರೆ ಇವರೊಬ್ರೇ.”

ಪಕ್ಕದ ಹೊಲದವ ತನ್ನ ಹೆಂಟೆಯನ್ನು ಕಾಲಿನಿಂದ ಮರೆಮಾಡಿದ. ಪೋಸ್ಟ್‌ಮ್ಯಾನ್ ಮೊದಲು ಚಪ್ಪಾಳೆ ತಟ್ಟಿದ, ಆಮೇಲೆ ಸೇರಿದ್ದವರೆಲ್ಲ ತಟ್ಟಿದರು. ಮಾವ ಗಂಟಲು ಸರಿಮಾಡಿಕೊಂಡು ಮುಂದೆ ಬಂದ. ಅಳಿಯನ ಹೆಗಲ ಮೇಲಿನ ಒಣಹುಲ್ಲನ್ನು ತನ್ನ ಕೈಯಾರೆ ತೆಗೆದು, “ತಪ್ಪಾಯ್ತು ಅಳಿಯಂದಿರೇ,” ಅಂದ. ಮೈಗಳ್ಳ ಹೆಂಡತಿಯ ಮುಖ ನೋಡಿದ. ಮದುವೆಯ ದಿನವೂ ಅವಳು ಇಷ್ಟು ಸಂತೋಷವಾಗಿ ಕಂಡಿರಲಿಲ್ಲ. ಹಾಳು ಹೆಸರು ಇಲ್ಲಿಗೆ ಮುಗಿಯಿತು ಅಂದುಕೊಂಡು ಅವನು ಏಳು ವರ್ಷದ ಉಸಿರನ್ನು ಒಟ್ಟಿಗೇ ಬಿಟ್ಟ.

“ಇನ್ನೊಂದು ಕೆಲಸ ಉಳಿದಿದೆ,” ಅಂದರು ಅಧಿಕಾರಿ.

ಜೀಪಿನಿಂದ ಇಬ್ಬರು ದೊಡ್ಡ ಕಬ್ಬಿಣದ ಫಲಕ ಇಳಿಸಿದರು. ರಸ್ತೆಗೆ ಮುಖ ಮಾಡಿ, ಬಸ್ಸಿನಲ್ಲಿ ಹೋಗುವವರಿಗೂ ಕಾಣುವ ಹಾಗೆ ಸಿಮೆಂಟು ಹಾಕಿ ನಿಲ್ಲಿಸಿದರು. ಮೇಲೆ ಸರ್ಕಾರದ ಮುದ್ರೆ, ಕೆಳಗೆ ದಪ್ಪ ದಪ್ಪ ಬಿಳಿ ಅಕ್ಷರ. ಮಾವ ಊರಿಗೆಲ್ಲ ಕೇಳುವ ಹಾಗೆ, ಹೆಮ್ಮೆಯಿಂದ ಓದಲು ಶುರುಮಾಡಿದ. ಓದುತ್ತಾ ಓದುತ್ತಾ ಅವನ ದನಿ ಇಳಿಯಿತು.

“ಈ ಹೊಲದ ರೈತ... ಏಳು ವರ್ಷಗಳಿಂದ... ಉತ್ತಿಲ್ಲ. ಅಗೆದಿಲ್ಲ. ಕೂಳೆ ಕಿತ್ತಿಲ್ಲ. ದಂಟು ತೆಗೆದಿಲ್ಲ. ಇನ್ನು ಮುಂದೆಯೂ ಮಾಡುವುದಿಲ್ಲ.”

ಸೇರಿದ್ದವರು ಫಲಕವನ್ನೊಮ್ಮೆ, ಮೈಗಳ್ಳನನ್ನೊಮ್ಮೆ ನೋಡಿದರು.

“ಮೇಡಂ,” ಅಂದ ಮೈಗಳ್ಳ ಸಣ್ಣ ದನಿಯಲ್ಲಿ, “ಇದನ್ನ ಸ್ವಲ್ಪ ಬೇರೆ ಥರ ಬರೆಯೋಕಾಗಲ್ವಾ?”

“ಹೆದರ್ಬೇಡಿ, ಅಳಿಸಿಹೋಗಲ್ಲ,” ಅಂದರು ಅಧಿಕಾರಿ ಅಕ್ಕರೆಯಿಂದ. “ಇಪ್ಪತ್ತು ವರ್ಷ ಬಾಳಿಕೆ ಬರೋ ಬಣ್ಣ.”

ಪೋಸ್ಟ್‌ಮ್ಯಾನ್ ಫಲಕವನ್ನು ಮೇಲಿನಿಂದ ಕೆಳಗಿನವರೆಗೆ, ಜೀವಮಾನದಲ್ಲಿ ಮೊದಲ ಸಲ ಪೂರ್ತಿ ಓದಿದ. “ಇಷ್ಟು ದಿನ ನಾವು ಬರೀ ಬಾಯಲ್ಲಿ ಹೇಳ್ತಿದ್ವಿ,” ಅಂದ ಭಕ್ತಿಯಿಂದ. “ಈಗ ಮೇಲಿನವರೇ ಒಪ್ಕೊಂಡು ಬರೆದು ಕೊಟ್ಟಿದಾರೆ.”

ಮೊದಲು ಬಿದ್ದು ಬಿದ್ದು ನಕ್ಕವಳು ಹೆಂಡತಿಯೇ. ಅವಳು ನಕ್ಕ ಮೇಲೆ ಮೈಗಳ್ಳನೂ ತಡೆಯಲಾರದೆ ನಕ್ಕ, ಆ ದಿನದ ಓಡಾಟಕ್ಕೆ ಮತ್ತೆ ಹಿಡಿದುಕೊಂಡಿದ್ದ ಸೊಂಟವನ್ನು ಎರಡೂ ಕೈಯಲ್ಲಿ ಒತ್ತಿಕೊಂಡು ನಕ್ಕ. ಅವತ್ತಿನಿಂದ ಊರಿನಲ್ಲಿ ಅವನನ್ನು ಮೈಗಳ್ಳ ಅಂತ ಯಾರೂ ಕರೆಯುವುದಿಲ್ಲ. ಸರ್ಕಾರಿ ಮೈಗಳ್ಳ ಅನ್ನುತ್ತಾರೆ.