ಮುಕುಂದಯ್ಯನವರ ಮುಗಿಯದ ತ್ರಿಭುಜ

ಕಡಲೆಕಾಯಿ ತಿಂದವನು ಕಾಗದ ಬಿಸಾಡಬೇಕು. ಗಣಿತದ ಮೇಷ್ಟ್ರು ಮುಕುಂದಯ್ಯ ಅದನ್ನು ಓದಿದರು, ಕೆಟ್ಟದ್ದು ಅಲ್ಲಿಂದಲೇ. ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಕೈಗೆ ಬಂದ ಆ ಇಂಗ್ಲಿಷ್ ಪತ್ರಿಕೆಯ ಹಾಳೆಯಲ್ಲಿ ಒಂದು ಚಿತ್ರವಿತ್ತು. ತ್ರಿಭುಜದ ಪ್ರತಿ ಗೆರೆಯ ನಡುವೆ ಚಿಕ್ಕ ತ್ರಿಭುಜ, ಅದರ ಗೆರೆಗಳ ಮೇಲೆ ಇನ್ನೂ ಚಿಕ್ಕದು, ಹೀಗೇ. ಒಂದೇ ನಿಯಮವನ್ನು ಮತ್ತೆ ಮತ್ತೆ ನಡೆಸಿದರೆ ಸಾಕು, ಹೂವಿನಂಥ ಆಕಾರ ತಾನಾಗಿ ಅರಳುತ್ತದೆ. ಮೇಷ್ಟ್ರ ಕಣ್ಣು ಒದ್ದೆಯಾಯಿತು. ಗಣಿತಕ್ಕೆ ಇಷ್ಟು ಚೆಂದವಿದೆಯೆಂದು ಇಪ್ಪತ್ತು ವರ್ಷ ಅದನ್ನೇ ಪಾಠ ಮಾಡಿದವರಿಗೆ ಗೊತ್ತಿರಲಿಲ್ಲ.

ಹುಂಚದಾಚೆಯ ಹೈಸ್ಕೂಲಿನಲ್ಲಿ ಅವರಿಗದು ಒಂಬತ್ತನೆಯ ವರ್ಷ. ಹೆಂಡತಿ ಸರೋಜ ಸಾಗರದಲ್ಲಿ ನರ್ಸು. ಭಾನುವಾರದ ಗಂಡನಾಗಿ ಬಾಳಿ ಬೇಸತ್ತ ಮೇಷ್ಟ್ರು ಅಲ್ಲಿಗೆ ವರ್ಗ ಕೇಳಿ ಅರ್ಜಿ ಹಾಕಿದ್ದರು. ಎಂಬತ್ತನಾಲ್ಕರ ಆ ಸೋಮವಾರ ಇನ್‌ಸ್ಪೆಕ್ಟರು ಶಾಲೆಗೆ ಬರುವವರಿದ್ದರು. ಅವರು ಮೆಚ್ಚಿದರೆ ಸಾಗರ ಸಿಕ್ಕಂತೆಯೇ.

ಬೆಳಗ್ಗೆ ಎಂಟಕ್ಕೇ ಮೇಷ್ಟ್ರು ಶಾಲೆಯ ಮುಂಗೋಡೆಗೆ ಸೀಮೆಸುಣ್ಣದಲ್ಲಿ ದೊಡ್ಡ ತ್ರಿಭುಜ ಎಳೆದರು. ಹೆಡ್‌ಮಾಸ್ಟರ್ ಸೀತಾರಾಮಪ್ಪ ಕನ್ನಡಕ ಏರಿಸಿ ನೋಡಿದರು.

"ಎಂತ ಮಾರ್ರೆ ಇದು, ಕುಟುಂಬ ಯೋಜನೆ ತ್ರಿಕೋನಾನಾ?"

"ಅಲ್ಲ ಸಾರ್, ಪುನರಾವರ್ತನೆ. ಮಾಡಿದ್ದನ್ನೇ ಮತ್ತೆ ಮತ್ತೆ ಮಾಡೋದು."

"ಅದನ್ನ ನಾವು ಮೂವತ್ತು ವರ್ಷದಿಂದ ಮಾಡ್ತಾನೇ ಇದೀವಲ್ರೀ!"

ಅಷ್ಟರಲ್ಲಿ ಡ್ರಿಲ್ ಮೇಷ್ಟ್ರು ನಿಂಗಪ್ಪ ಖೋಖೋ ಅಂಕಣದ ಹಗ್ಗ ಹಿಡಿದು ಬಂದರು. "ಗೆರೆ ಎಳಿಯೋದು ನಮ್ ಡಿಪಾರ್ಟ್‌ಮೆಂಟು, ಸರೀರಿ ಆಕಡೆ." ಅವರ ತ್ರಿಭುಜಗಳು ಗಾಳಿಗೆ ಸಿಕ್ಕ ಡೇರೆಯಂತೆ ವಾಲಿಕೊಂಡವು. ಅಳಿಸುವುದರಲ್ಲೇ ಹತ್ತು ಗಂಟೆಯಾಯಿತು. ಮುಕುಂದಯ್ಯನವರಿಗೆ ಅಳು ಬರುವುದೊಂದು ಬಾಕಿ.

ಗಂಟೆ ಹೊಡೆಯುವ ಮಾಸ್ತಮ್ಮ ಇದನ್ನೆಲ್ಲ ನೋಡಿ ನಕ್ಕಳು. "ಬಿಡಿ ಸಾರ್. ನಮ್ ಕೇರೀಲಿ ಮದುವೆ ಮನೆ ಗೋಡೆಗೆ ಹಸೆ ಚಿತ್ತಾರ ಬರಿಯೋಳು ನಾನು. ಲೆಕ್ಕ ನೀವ್ ಹೇಳಿ, ಗೆರೆ ನಾ ಎಳಿತೀನಿ."

ಗೋಡೆಗೆ ಕೆಮ್ಮಣ್ಣು ಬಳಿದು, ನಾರಿನ ಕುಂಚವನ್ನು ಅಕ್ಕಿಹಿಟ್ಟಿನಲ್ಲಿ ಅದ್ದಿ ಅವಳು ಶುರುಮಾಡಿದಳು. ಮೂರು ಗೆರೆ ಹನ್ನೆರಡಾಯಿತು, ನಲವತ್ತೆಂಟಾಯಿತು, ಸುತ್ತು ಸುತ್ತಿಗೂ ನಾಲ್ಕು ಪಟ್ಟಾಗುತ್ತ ಏಳುನೂರ ಅರವತ್ತೆಂಟಕ್ಕೆ ಬಂತು. ಒಂದು ಗೆರೆಯೂ ಅಲುಗಲಿಲ್ಲ. ಗಂಟೆ ಹೊಡೆಯುವವಳೇ ಏಣಿಯ ಮೇಲಿದ್ದುದರಿಂದ ಮೊದಲ ಪೀರಿಯಡ್ಡು ಮಧ್ಯಾಹ್ನ ಎರಡರವರೆಗೆ ನಡೆಯಿತು.

"ಮುಗೀತಾ?" ಎಂದರು ಹೆಡ್‌ಮಾಸ್ಟರು.

"ಇದು ಮುಗಿಯಲ್ಲ ಸಾರ್. ಅಂಚು ಬೆಳೀತಾನೇ ಹೋಗುತ್ತೆ, ಆದ್ರೆ ಗೋಡೆ ದಾಟಲ್ಲ."

"ಸರ್ಕಾರಿ ಫೈಲು ಅನ್ನಿ."

ಮೂರಕ್ಕೆ ಜೀಪು ಬಂತು. ಇನ್‌ಸ್ಪೆಕ್ಟರು ಗೋಡೆಯ ಹತ್ತಿರ ಹೋಗಿ ಗೆರೆಗೆರೆಯ ಮೇಲೂ ಕಣ್ಣಾಡಿಸಿದರು. "ಭಲೇ! ಮುಕುಂದಯ್ಯನವರೇ, ನಿಮ್ಮ ವರ್ಗಕ್ಕೆ ಹೋದ ವಾರವೇ ಸಹಿ ಆಗಿದೆ. ಕೈಯಾರೆ ಕೊಡೋಣ ಅಂತ ಆದೇಶ ತಂದಿದೀನಿ."

ಮೇಷ್ಟ್ರ ಮನಸ್ಸು ಆಗಲೇ ಸಾಗರದ ದಾರಿಯ ಆನಂದಪುರ ದಾಟಿತು. ಹೆಡ್‌ಮಾಸ್ಟರ ಮುಖ ಮಾತ್ರ ಕಪ್ಪಿಟ್ಟಿತು. ವರ್ಷದ ನಡುವೆ ಗಣಿತಕ್ಕೆ ಬೇರೆ ಜನ ಎಲ್ಲಿ? "ಅರ್ಧಂಬರ್ಧ ಬಿಟ್ಟು ಹೋಗ್ತಾರಲ್ಲ ಸಾರ್. ಚಿತ್ರ ಇನ್ನೂ ಮುಗಿದಿಲ್ಲ!"

"ಮುಗಿದಿಲ್ವಾ?"

ಎಲ್ಲರೂ ಮುಕುಂದಯ್ಯನವರನ್ನೇ ನೋಡಿದರು. 'ಮುಗಿದಿದೆ' ಎಂದರೆ ಸರೋಜ, ಸಾಗರ, ದಿನಾ ಬಿಸಿ ಊಟ. ಆದರೆ ಈ ಮಹಾಶಯರಿಗೆ ಆ ಹೊತ್ತಿಗೇ ಗಣಿತದ ಮೇಲೆ ನಿಷ್ಠೆ ಉಕ್ಕಬೇಕೆ? "ಇಲ್ಲ ಸಾರ್. ಗಣಿತದ ಪ್ರಕಾರ ನೋಡಿದ್ರೆ..."

ಮುಂದಿನದನ್ನು ಯಾರೂ ಕೇಳಲಿಲ್ಲ. ಇನ್‌ಸ್ಪೆಕ್ಟರು ಪೆನ್ನು ತೆಗೆದು ಆದೇಶಕ್ಕೆ ಒಂದು ಸಾಲು ಸೇರಿಸಿದರು: 'ಕೈಗೊಂಡ ಚಿತ್ರ ಪೂರ್ಣಗೊಂಡ ನಂತರವೇ ಬಿಡುಗಡೆ ಮಾಡತಕ್ಕದ್ದು.'

"ಸಾರ್, ಅದು..."

"ನಿಧಾನಕ್ಕೆ ಮುಗಿಸಿ. ಅವಸರ ಏನಿಲ್ಲ." ಜೀಪು ಹೊರಟಿತು.

ಮೇಷ್ಟ್ರು ಜಗಲಿಯ ಮೇಲೆ ಕುಸಿದರು. ಮಾಸ್ತಮ್ಮನಿಗೆ ಪಾಪ ಅನ್ನಿಸಿತು. "ಬೇಜಾರ್ ಮಾಡ್ಕೋಬೇಡಿ ಸಾರ್. ಮುಂದಿನ ಸುತ್ತಿಗೆ ಎಷ್ಟ್ ಗೆರೆ?"

"ಮೂರು ಸಾವಿರದ ಎಪ್ಪತ್ತೆರಡು."

"ಅಷ್ಟೇಯಾ? ದೀಪಾವಳಿ ಒಳಗೆ ಬರೆದು ಬಿಸಾಕಣ. ಆಮೇಲೆ ಸಾಗರ, ಅಲ್ದಾ?"

"ಆಮೇಲೆ," ಎಂದರು ಮುಕುಂದಯ್ಯ, "ಹನ್ನೆರಡು ಸಾವಿರದ ಇನ್ನೂರ ಎಂಬತ್ತೆಂಟು."