ಬಾತುಕೋಳಿ ಕಂಪ್ಯೂಟರಿಗೆ ಹೊಸ ನೆಟ್ಟು

ಸೋಮನಾಥನ ಮನೆಯ ಇಂಟರ್ನೆಟ್ಟಿಗೆ ಸರಿಯಾಗಿ ತಾರಸ್ಥಾಯಿ ಬಂದಾಗಲೇ ತಲೆ ಸುತ್ತುತ್ತಿತ್ತು. ಹೋದ ಗುರುವಾರ ಅವನ ಹೆಂಡತಿ ಶ್ರೀದೇವಿ ಮೊದಲ ಬಾರಿ ಆನ್‌ಲೈನಿನಲ್ಲಿ ವಚನಗಾಯನದ ಪಾಠ ಶುರು ಮಾಡಿ, ಮೇಲಿನ ಸ್ವರಕ್ಕೆ ಏರಿ, ಬಾಯಿ ತೆರೆದದ್ದು ತೆರೆದಂತೆಯೇ ಪರದೆಯ ಮೇಲೆ ನಿಂತುಬಿಟ್ಟಳು. ಆರು ಜನ ಶಿಷ್ಯೆಯರು ಹತ್ತು ನಿಮಿಷ ಆ ಬಾಯಿಯನ್ನೇ ಭಕ್ತಿಯಿಂದ ನೋಡಿ ಎದ್ದುಹೋದರು.

"ನಂಗೆ ಇದೆಲ್ಲ ಆಗಿಬರಲ್ಲ ಬಿಡ್ರೀ" ಎಂದು ಅವಳು ಶ್ರುತಿಪೆಟ್ಟಿಗೆಗೆ ಬಟ್ಟೆ ಮುಚ್ಚಿದಳು.

ಮದುವೆಯಾದ ಹದಿನೆಂಟು ವರ್ಷದಲ್ಲಿ ಅವಳು ತನಗೆಂದು ಕೈಹಾಕಿದ ಮೊದಲ ಕೆಲಸ ಅದು. ಇನ್ನೊಂದು ಸಲ ಕೆಟ್ಟರೆ ಆ ಬಟ್ಟೆ ಮತ್ತೆ ಸರಿಯುವುದಿಲ್ಲವೆಂದು ಸೋಮನಾಥನಿಗೆ ಗೊತ್ತಿತ್ತು. ಈ ಗುರುವಾರ ಸಂಜೆ ಆರಕ್ಕೆ ಎರಡನೆಯ ಪಾಠ. ಮೊಬೈಲಿನಲ್ಲಿ ಮಾಡೋಣವೆಂದರೆ ಜರಗನಹಳ್ಳಿಯ ಆ ಗಲ್ಲಿಯಲ್ಲಿ ಸಿಗ್ನಲ್ ಸಿಗುತ್ತಿದ್ದುದು ತಾರಸಿಯ ನೀರಿನ ಟ್ಯಾಂಕಿನ ಪಕ್ಕದಲ್ಲಿ ಮಾತ್ರ. ಕಂಪನಿಯನ್ನೇ ಬದಲಾಯಿಸುವುದೆಂದು ನಿರ್ಧರಿಸಿ ಅವನು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಕೆಲಸಕ್ಕೆ ಒಂದು ದಿನ ರಜೆ ಹಾಕಿದ.

ಬೆಳಿಗ್ಗೆ ಹಳೆಯ ಕಂಪನಿಯವನು ತನ್ನ ವೈಫೈ ಡಬ್ಬಿ ಒಯ್ಯಲು ಬಂದ. ಅದು ಅಡುಗೆಮನೆಯಲ್ಲಿ, ದೊಡ್ಡ ಸ್ಟೀಲಿನ ಅಕ್ಕಿ ಡಬ್ಬದ ಹಿಂದೆ, ಹಲ್ಲಿಯೂ ಧೂಳೂ ಸೋಕದ ಕಡೆ ಕುಳಿತಿತ್ತು. ಶ್ರೀದೇವಿಯ ಮನೆಯಲ್ಲಿ ಯಾವ ಯಂತ್ರವೂ ಬರಿಮೈಯಲ್ಲಿ ಇರಬಾರದು. ಮಿಕ್ಸಿಗೂ ಇಸ್ತ್ರಿಪೆಟ್ಟಿಗೆಗೂ ಇದ್ದಂತೆ ಅದಕ್ಕೂ ಗುಲಾಬಿ ಬಣ್ಣದ ಉಣ್ಣೆಯ ಕ್ರೋಶಾ ಹೊದಿಕೆಯಿತ್ತು. ಬಂದವನು ಕೂಸಿನ ಕುಲಾವಿ ತೆಗೆಯುವಂತೆ ಅದನ್ನು ತೆಗೆದು ಅವಳ ಕೈಗಿತ್ತು, ಡಬ್ಬಿ ಹಿಡಿದು ಇಳಿದುಹೋದ. ಕೆಳಗೆ ಮನೆಯ ಮಾಲೀಕ ಬೈರಣ್ಣನ ದನಿ ಬಹಳ ಹೊತ್ತು ಕೇಳುತ್ತಿತ್ತು. ವೈರಿಗಾಗಿ ಕೊರೆದ ಗೋಡೆಯ ತೂತಿನ ತಕರಾರಿರಬೇಕು ಎಂದುಕೊಂಡ ಸೋಮನಾಥ.

ಹನ್ನೊಂದಕ್ಕೆ ಹೊಸ ಕಂಪನಿಯ ಚಲುವರಾಜು ಬಂದ. ನಲವತ್ತು ದಾಟಿದ, ಸಾವಧಾನದ ಮನುಷ್ಯ. ವೈರು ಎಳೆದು, ಹೊಸ ಡಬ್ಬಿ ಕೂರಿಸಿ, ಲ್ಯಾಪ್‌ಟಾಪ್ ಮುಂದೆ ಕೂತವನು ಕನ್ನಡಕ ಒರೆಸಿಕೊಂಡ.

"ಸಾರ್, ಸ್ಟಾರ್ಟ್ ಬಟನ್ ಎಲ್ಲಿ?"

"ಇದು ಲಿನಕ್ಸು."

"ಅಂದ್ರೆ ಎಷ್ಟನೇ ವಿಂಡೋಸ್ ಸಾರ್?"

"ವಿಂಡೋಸೇ ಅಲ್ಲಪ್ಪ."

ಚಲುವರಾಜು, ಹಸು ಎಂದುಕೊಂಡು ಕೊಟ್ಟಿಗೆಗೆ ಹೋದವನ ಎದುರು ಒಂಟೆ ಎದ್ದು ನಿಂತಂತೆ ನೋಡಿದ. ಕಾರ್ಖಾನೆಯವರು ಸತ್ತಿತೆಂದು ಎಸೆದಿದ್ದ ಆ ಲ್ಯಾಪ್‌ಟಾಪಿಗೆ ಸಹೋದ್ಯೋಗಿಯೊಬ್ಬರು ಲಿನಕ್ಸ್ ಹಾಕಿ ಜೀವ ಕೊಟ್ಟಿದ್ದರು. ಅದರ ಬೆನ್ನ ಮೇಲಿದ್ದ, ಲಿನಕ್ಸಿನ ಗುರುತಾದ ಪೆಂಗ್ವಿನ್ ಚಿತ್ರ ನೋಡಿ ಬೈರಣ್ಣನ ಹೆಂಡತಿ ಲಕ್ಷ್ಮಮ್ಮ ಅದನ್ನು ಬಾತುಕೋಳಿ ಕಂಪ್ಯೂಟರ್ ಎನ್ನುತ್ತಿದ್ದರು.

ಹೊಸ ಸಂಪರ್ಕ ಚಾಲೂ ಆಗಬೇಕಾದರೆ ಕಂಪನಿಯದೇ ಒಂದು ಪ್ರೋಗ್ರಾಮು ಗ್ರಾಹಕರ ಕಂಪ್ಯೂಟರಿನಲ್ಲಿ ಓಡಬೇಕಂತೆ. ಅದು ಓಡುವುದು ವಿಂಡೋಸ್‌ನಲ್ಲಿ ಮಾತ್ರ. ಚಲುವರಾಜು ಟ್ಯಾಂಕಿನ ಪಕ್ಕಕ್ಕೆ ಹೋಗಿ ಆಫೀಸಿಗೆ ಫೋನ್ ಮಾಡಿ, ಪೆಚ್ಚಾಗಿ ಇಳಿದು ಬಂದ.

"ಅವ್ರ ಲಿಸ್ಟಲ್ಲಿ ಎರಡೇ ಇರೋದಂತೆ ಸಾರ್. ಕೆಲ್ಸ ಮುಗೀತು, ಇಲ್ಲ ಕಸ್ಟಮರ್ ಮನೇಲಿ ಇಲ್ಲ. ಮನೇಲಿಲ್ಲ ಅಂತ ಹಾಕ್ಬಿಡು ಅಂತಾರೆ. ಎದುರಿಗೇ ನಿಂತವ್ರೆ, ಕಾಫಿ ಬೇರೆ ಕೊಟ್ಟವ್ರೆ, ಹೆಂಗ್ ಹಾಕ್ಲಿ ಅಂದೆ."

ಅಷ್ಟರಲ್ಲಿ ಸುದ್ದಿ ಎದುರುಮನೆ ಸೇರಿತ್ತು. ನಿವೃತ್ತ ಮೇಷ್ಟ್ರು ಪರಮಶಿವಯ್ಯನವರು ತಮ್ಮ ವಿಂಡೋಸ್ ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿ, ಎಳೆಗೂಸಿನಂತೆ ಎದೆಗವಚಿಕೊಂಡು ಮೆಟ್ಟಿಲೇರಿದರು.

"ಊರಿಗೆಲ್ಲ ಒಂದು ದಾರಿಯಾದ್ರೆ ನಿಂದೇ ಒಂದು ದಾರಿ. ಸುಮ್ನೆ ಎಲ್ರ ಥರ ಇರೋಕೇನಪ್ಪ ಕಷ್ಟ?"

"ಬಾತುಕೋಳಿ ನೀರಲ್ಲಿರ್ಬೇಕು, ಮನೇಲಿ ಇಟ್ಕೊಂಡ್ರೆ ಇಂಗೇಯ" ಎಂದರು ಹಿಂದೆಯೇ ಬಂದ ಲಕ್ಷ್ಮಮ್ಮ.

ಮೇಷ್ಟ್ರ ಲ್ಯಾಪ್‌ಟಾಪ್ ತೆರೆದರೆ 'ಅಪ್‌ಡೇಟ್ ಆಗುತ್ತಿದೆ, ಆಫ್ ಮಾಡಬೇಡಿ' ಎಂದಿತು. ಯುಗಾದಿಯಿಂದ ಅದನ್ನು ತೆರೆದೇ ಇರಲಿಲ್ಲವಂತೆ. ಮಧ್ಯಾಹ್ನ ಒಂದಕ್ಕೆ ಶೇಕಡಾ ಹದಿನಾಲ್ಕು. ಮೂರಕ್ಕೆ ಇಪ್ಪತ್ತೇಳು. ಶ್ರೀದೇವಿ ಚಲುವರಾಜುವಿಗೆ ತಟ್ಟೆ ಹಾಕಿ, ಅವನು ಬೇಡವೆನ್ನುವ ಮೊದಲೇ ಅನ್ನ, ಸೊಪ್ಪಿನ ಸಾರು ಬಡಿಸಿದಳು. ಅವನು ತನ್ನ ಮುಂದಿನ ಮನೆಗಳಿಗೆ ನಾಳೆ ಬರುವೆನೆಂದು ಫೋನ್ ಮಾಡಿ ಅಲ್ಲೇ ಉಳಿದ.

ನಾಲ್ಕರ ಮೇಲೆ ಅಪ್‌ಡೇಟ್ ಹೇಗೋ ಒಮ್ಮೆಲೇ ಮುಗಿದು, ಐದು ಗಂಟೆಗೆ ಪ್ರೋಗ್ರಾಮು ಓಡಿತು. "ರಿಕ್ವೆಸ್ಟ್ ಹೋಯ್ತು ಸಾರ್! ಇನ್ನು ಆಫೀಸಲ್ಲಿ ಒಪ್ಪಿಗೆ ಒತ್ತಿದ್ರೆ ಆಯ್ತು. ನಾನೇ ಹೋಗಿ ಒತ್ತಿಸ್ತೀನಿ" ಎಂದು ಅವನು ಬೈಕ್ ಹತ್ತಿದ.

ಐದೂಮುಕ್ಕಾಲಾದರೂ ಏನೂ ಬರಲಿಲ್ಲ. ಶ್ರೀದೇವಿ ಮೈಸೂರು ಸಿಲ್ಕ್ ಉಟ್ಟು ಕೂತಿದ್ದಳು. "ಬರ್ದಿದ್ರೂ ಪರವಾಗಿಲ್ಲ ರೀ" ಎಂದು ನಕ್ಕಳು. ಆ ನಗು ಸೋಮನಾಥನಿಗೆ ಅಳುವಿಗಿಂತ ಕಷ್ಟವಾಯಿತು.

ಆರಕ್ಕೆ ಐದು ನಿಮಿಷವಿದ್ದಾಗ ಬಾತುಕೋಳಿ ಕಂಪ್ಯೂಟರಿನ ಮೂಲೆಯಲ್ಲಿ ನೆಟ್ಟಿನ ಗೆರೆಗಳು ಒಂದೊಂದಾಗಿ ತುಂಬಿಕೊಂಡವು.

ಪಾಠ ನಡೆಯಿತು. ಶ್ರೀದೇವಿ ತಾರಸ್ಥಾಯಿಗೆ ಏರಿದಳು, ಅಲ್ಲಿ ನಿಂತಳು, ನಿಧಾನವಾಗಿ ಇಳಿದಳು. ಪರದೆ ಒಮ್ಮೆಯೂ ಅಲುಗಲಿಲ್ಲ. ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು ಟವೆಲಿನಲ್ಲಿ ಕಣ್ಣೊರೆಸಿಕೊಂಡರು. ಮುಗಿದಾಗ ಆರೂ ಶಿಷ್ಯೆಯರು "ಮುಂದಿನ ಗುರುವಾರ ಬರ್ತೀವಿ ಅಮ್ಮಾ" ಎಂದು ಕೈಮುಗಿದರು.

"ನೋಡಿದ್ರಾ ಹೊಸ ಕಂಪನೀನ!" ಎಂದು ಸೋಮನಾಥ ಎದೆಯುಬ್ಬಿಸಿ, ಚಲುವರಾಜುವಿಗೆ ಫೋನಿನಲ್ಲಿ ತಿಳಿಸಲೆಂದು ತಾರಸಿಗೆ ಓಡಿದ.

"ಸಾರಿ ಸಾರ್" ಎಂದ ಅವನೇ ಮೊದಲು. "ಒತ್ತೋರು ಆಗ್ಲೇ ಮನೆಗೆ ಹೋಗ್ಬಿಟ್ಟವ್ರೆ. ನಿಮ್ದು ನಾಳೆ ಹನ್ನೊಂದಕ್ಕೇ ಚಾಲೂ ಆಗೋದು. ಮೇಡಂ ಪಾಠ ಹಾಳಾಯ್ತಲ್ಲ ಸಾರ್, ಅವ್ರ ಕೈಯೂಟ ಬೇರೆ ತಿಂದಿದೀನಿ."

ಸೋಮನಾಥ ಒಂದೊಂದೇ ಮೆಟ್ಟಿಲು ಇಳಿದು ಬಂದ. "ಹಾಗಾದ್ರೆ ಇಷ್ಟೊತ್ತು ಓಡಿದ್ದು ಯಾರ ನೆಟ್ಟು?"

ಮೆಟ್ಟಿಲಲ್ಲಿ ನಿಂತಿದ್ದ ಲಕ್ಷ್ಮಮ್ಮ ಸೆರಗು ತಿರುವಿದರು. "ಅದು ನಮ್ದು ಕಣಪ್ಪ. ಅಂದ್ರೆ ನಿಮ್ದೇಯ. ಬೆಳಿಗ್ಗೆ ಅವ್ನು ಡಬ್ಬಿ ತಗೊಂಡು ಹೋಗ್ತಿದ್ನಲ್ಲ, ವೈರು ಬಂದೇ ಐತೆ, ಇದೇ ಡಬ್ಬಿ ನಮಗೇ ಹಾಕ್ಬಿಡು ಅಂದ್ರು ನಮ್ಮೋರು. ಈಗ ಆರ್ ಗಂಟೆ ಹೊತ್ಗೆ ಚಾಲೂ ಆಯ್ತು. ಹೆಸ್ರೂ ಪಾಸ್‌ವರ್ಡೂ ನಿಮ್ದೇ ಬಿಟ್ಟಿದೀವಿ. ಕಿಟಕೀಲಿ ಹಂಗೇ ಇಟ್ಟಿದೀವಪ್ಪ, ನಿಮ್ಮಂಗೆ ಟೋಪಿ ಗೀಪಿ ಹಾಕಿಲ್ಲ. ಏನ್ ಚೆಂದಾಗಿ ಬತ್ತದೆ!"

ಬಾತುಕೋಳಿ ಹಳೆಯ ನಂಟನ್ನು ಗುರುತಿಸಿ ತಾನೇ ಹೋಗಿ ಕೂಡಿಕೊಂಡಿತ್ತು. ಟೋಪಿ ಎಂಬ ಮಾತು ಸೋಮನಾಥನ ತಲೆಯೊಳಗೆ ತಡವಾಗಿ ಇಳಿಯಿತು. ಅಕ್ಕಿ ಡಬ್ಬ. ಉಣ್ಣೆ ಹೊದಿಕೆ. ಉಸಿರುಕಟ್ಟಿ ಬಿಸಿಯಾಗಿ ಕೂತಿರುತ್ತಿದ್ದ ಡಬ್ಬಿ. ಕೆಟ್ಟದ್ದು ಹಳೆಯ ಕಂಪನಿಯಲ್ಲ. ಅವನು ಅಡುಗೆಮನೆಗೆ ಧಾವಿಸಿದ.

ಹೊಸ ಡಬ್ಬಿ ಆಗಲೇ ಅಕ್ಕಿ ಡಬ್ಬದ ಹಿಂದೆ ಸೇರಿತ್ತು. ಶ್ರೀದೇವಿ ಕ್ರೋಶಾ ಕಡ್ಡಿ ಹಿಡಿದು ಹಾಡಿಕೊಳ್ಳುತ್ತ ಅದರ ಅಳತೆ ತೆಗೆಯುತ್ತಿದ್ದಳು. "ಇದಕ್ಕೆ ಸ್ವಲ್ಪ ದಪ್ಪ ಉಲನ್ನಲ್ಲೇ ಹೆಣೀತೀನಿ ರೀ. ಪಾಪ, ನನಗೋಸ್ಕರ ಎಷ್ಟು ಕಷ್ಟಪಟ್ಟು ಬಂದಿದೆ! ಯಾವ ಬಣ್ಣ ಹಾಕ್ಲಿ?"

ಸೋಮನಾಥ ಬಾಯಿ ತೆರೆದ. ತೆರೆದದ್ದು ತೆರೆದಂತೆಯೇ ಒಂದು ಗಳಿಗೆ ನಿಂತ. ಅವಳ ಮುಖ ನೋಡಿದ.

"ನೀಲಿ ಚೆನ್ನಾಗಿರುತ್ತೆ" ಎಂದ.

ಆಮೇಲೆ ಮೆಲ್ಲನೆ ಹೊರಬಂದು ಮೆಟ್ಟಿಲ ಕಟಕಟೆಯಿಂದ ಬಗ್ಗಿದ. "ಲಕ್ಷ್ಮಮ್ಮನೋರೇ, ಗುರುವಾರ ಗುರುವಾರ ಸಂಜೆ ಆ ಕಿಟಕಿ ಸ್ವಲ್ಪ ತೆಗೆದಿಡ್ತೀರಾ?"

"ಅದಕ್ಕೇನು, ಇಡಾವ. ಪಾಸ್‌ವರ್ಡ್ ಬರ್ಕೊಡ್ಲಾ?"

"ಬೇಡ ಬಿಡಿ" ಎಂದ ಸೋಮನಾಥ. "ಅದೊಂದು ನಮ್ಮ ಹತ್ರಾನೇ ಇದೆ."