ನಮ್ಮೂರಿಗೆ ದಯಮಾಡಿಸದ ಹಂದಿಜ್ವರದವರಿಗೆ

ಹಳೇಬೀಡು,
ಸೆಪ್ಟೆಂಬರ್ 2009

ದೇಶವಿದೇಶಗಳಲ್ಲಿ ಹೆಸರು ಮಾಡಿರುವ ಸನ್ಮಾನ್ಯ ಹಂದಿಜ್ವರದವರ ಸನ್ನಿಧಾನಕ್ಕೆ, ಹಳೇಬೀಡಿನ ಸರ್ಕಾರಿ ಶಾಲೆಯೊಂದರ ಸಹಶಿಕ್ಷಕ ಭೀಮರಾಜ್ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಇತ್ತ ನಾವೆಲ್ಲರೂ ಕ್ಷೇಮ. ತಾವೂ ಕ್ಷೇಮವಾಗಿರಬೇಕೆಂದು ಬರೆಯುವುದು ಪದ್ಧತಿಯಾದರೂ ಅಷ್ಟು ದೊಡ್ಡ ಮನಸ್ಸು ನನಗಿಲ್ಲದ ಕಾರಣ ಆ ಒಂದು ಸಾಲನ್ನು ಬಿಟ್ಟಿದ್ದೇನೆ, ಕ್ಷಮಿಸಬೇಕು.

ಮಾನ್ಯರೇ, ತಾವು ಬೆಂಗಳೂರಿಗೆ ಬಂದಿಳಿದ ಸುದ್ದಿ ಟಿವಿಯಲ್ಲಿ ಬಂದದ್ದೇ ತಡ, ನಮ್ಮೂರಿಗೂ ಬಂದೇ ಬರುತ್ತೀರೆಂದು ಮಂತ್ರಿಗಳ ಪ್ರವಾಸಕ್ಕೆ ನಡೆಯುವಂಥ ಸಿದ್ಧತೆಗಳೇ ನಡೆದವು. ತಮ್ಮ ಹೆಸರಿನಲ್ಲಿ ಹಂದಿ ಇದೆ ಎಂಬ ಒಂದೇ ಕಾರಣಕ್ಕೆ, ಬಸ್ ನಿಲ್ದಾಣದ ಹಿಂದಿನ ಚರಂಡಿಯಲ್ಲಿ ಯಾರ ತಂಟೆಗೂ ಹೋಗದೆ ಬಿದ್ದುಕೊಂಡಿದ್ದ ಹಂದಿಗಳನ್ನು ಹಿಡಿದು, ಟೆಂಪೋಗೆ ತುಂಬಿ, ಬೇಲೂರು ದಾಟಿಸಿ ಅರೇಹಳ್ಳಿ ದಾರಿಯಲ್ಲಿ ಬಿಟ್ಟುಬಂದರು. ಆಮೇಲೆ ನಮ್ಮ ಶಾಲೆಗೆ ಬೀಗ ಬಿತ್ತು. ದೇವಸ್ಥಾನಕ್ಕೆ ಬೀಳಲಿಲ್ಲ. ತಾವು ವಿದೇಶದಿಂದ ಬರುವವರೆಂದು ಎಲ್ಲರಿಗೂ ಗೊತ್ತಿತ್ತು. ವಿದೇಶದ ಪ್ರವಾಸಿಗಳೋ ದೇವಸ್ಥಾನದ ಮುಂದೆ ಎಂದಿನಂತೆ ಬಸ್ಸಿನಿಂದ ಇಳಿಯುತ್ತಿದ್ದರು. ತಮ್ಮಿಂದ ಕಾಪಾಡಲೆಂದು ನಾವು ಮನೆಗೆ ಕಳಿಸಿದ ಮಕ್ಕಳೆಲ್ಲ ಅಲ್ಲೇ ಜಮಾಯಿಸಿ ಅವರ ಕೈ ಕುಲುಕಿ, ಜೊತೆಯಲ್ಲಿ ನಿಂತು ಫೋಟೋ ತೆಗೆಸಿಕೊಂಡು, ಚಿತ್ರದ ಪುಸ್ತಕ ಮಾರುತ್ತಿದ್ದರು. ಇಷ್ಟೆಲ್ಲ ಅನುಕೂಲ ಮಾಡಿಕೊಟ್ಟರೂ ತಾವು ಬರಲಿಲ್ಲ ಎಂಬುದು ನನ್ನ ಮೊದಲನೆಯ ದೂರು.

ತಮ್ಮ ಗೌರವಾರ್ಥ ಮೇಲಿನ ಕಚೇರಿಯಿಂದ ಒಂದು ಸುತ್ತೋಲೆಯೂ ಬಂದಿತ್ತು. ಶಾಲೆ ಮುಚ್ಚಿರುವಾಗ ಮಕ್ಕಳು ಆರೋಗ್ಯವಾಗಿಯೂ ಕಾಲವನ್ನು ಸದುಪಯೋಗ ಮಾಡಿಕೊಂಡೂ ಇರಲು ಏನೇನು ಮಾಡಬೇಕೆಂದು ಅದರಲ್ಲಿ ಬಹಳ ಮುದ್ದಾಗಿ ಬರೆದಿದ್ದರು. ಮಗುವಿಗೆ ಗಾಳಿ ಬೆಳಕಿರುವ ಪ್ರತ್ಯೇಕ ಕೋಣೆ ಕೊಡಬೇಕು, ಹಣ್ಣು ಹಾಲು ತಪ್ಪಿಸಬಾರದು, ಶುದ್ಧ ಹವೆಯಲ್ಲಿ ವ್ಯಾಯಾಮವಿರಬೇಕು, ತಂದೆ ತಾಯಿಯ ಒಡನಾಟ ಹೆಚ್ಚಬೇಕು, ಹಗುರವಾದ ಕೆಲಸಗಳಲ್ಲಿ ನೆರವಾಗುವುದನ್ನು ಕಲಿಯಬೇಕು. ಗುಂಪು ಸೇರಬಾರದೆಂದು ತಿಳಿಹೇಳಲು ಪೋಷಕರನ್ನೆಲ್ಲ ಒಂದೆಡೆ ಸೇರಿಸಬೇಕೆಂದೂ ಅದರಲ್ಲೇ ಇತ್ತು. ಸೇರಿಸಿದೆವು. ಸ್ವಾತಂತ್ರ್ಯ ದಿನಾಚರಣೆಗೂ ಅಷ್ಟು ಜನ ಬಂದಿರಲಿಲ್ಲ. ಎಲ್ಲರೂ ಒಂದೇ ಪೆನ್ನಿನಲ್ಲಿ ಸಹಿ ಹಾಕಿ, ಪೆನ್ನು ಬರೆಯದಾದಾಗ ಅದರ ತುದಿಗೆ ಬಾಯಿಂದ ಊದಿ ಊದಿ ಪಕ್ಕದವರಿಗೆ ಕೊಟ್ಟರು. ಅಲ್ಲಿಗೂ ತಾವು ಬರಲಿಲ್ಲ.

ಇನ್ನು ಊಟದ ವಿಚಾರ. ಹಾಜರಾತಿ ಇದ್ದರೆ ಮಾತ್ರ ಬಿಸಿಯೂಟ, ಬೀಗ ಹಾಕಿದ ಶಾಲೆಗೆ ಹಾಜರಾತಿ ಎಲ್ಲಿಯದು ಎಂಬುದು ಕಚೇರಿಯವರ ವಾದ, ವಾದದಲ್ಲಿ ಲೋಪವಿಲ್ಲ. ಆದರೆ ಮಧ್ಯಾಹ್ನವಾದರೆ ಕೆಲವು ಮಕ್ಕಳು ತಟ್ಟೆ ಹಿಡಿದು ಗೇಟಿನ ಆಚೆ ಬಂದು ನಿಲ್ಲುತ್ತಿದ್ದರು. ಅಡುಗೆಯ ಬೋರಮ್ಮ ನನ್ನ ಬಳಿ ಬಂದು, "ಅಕ್ಕಿ ಐತೆ, ಒಲೆ ಐತೆ, ಮಕ್ಳೂ ಅವ್ರೆ. ಇನ್ನೇನು ಇಲ್ಲ ಅಂತ ಸುಮ್ನೆ ಕೂರೋದು ಮೇಷ್ಟ್ರೇ?" ಎಂದು ಕೇಳಿದರು. ನಾನು ಮುಖ್ಯೋಪಾಧ್ಯಾಯರಾದ ಇಂದುಧರ ಅವರನ್ನು ಕೇಳಿದೆ, ಅವರು ಕಚೇರಿಯನ್ನು ಕೇಳಿದರು, ಕಚೇರಿಯವರು ಸುತ್ತೋಲೆಯನ್ನು ಇನ್ನೊಮ್ಮೆ ಓದಿ ಹಣ್ಣು ಹಾಲು ಕೊಡುವಂತೆ ಪೋಷಕರಿಗೆ ಒತ್ತಿ ಹೇಳಲು ತಿಳಿಸಿದರು. ನಮ್ಮ ಅಜ್ಜ ಗಿಡ್ಡಯ್ಯನವರು, ಜಾತಿಯ ಕಾರಣಕ್ಕೆ ಒಳಗೆ ಬಿಡದಿದ್ದರಿಂದ, ಶಾಲೆಯ ಕಿಟಕಿಯ ಆಚೆ ನಿಂತು ಅಕ್ಷರ ಕಲಿತವರು. ಅವರ ಮೊಮ್ಮಗ ಮೇಷ್ಟ್ರಾಗಿರುವ ಶಾಲೆಯಲ್ಲಿ ಮಕ್ಕಳು ಗೇಟಿನ ಆಚೆ ನಿಂತರು.

ಆ ಮಕ್ಕಳಲ್ಲಿ ಮಂಜುಳಾ ಎಂಬ ಏಳನೇ ತರಗತಿಯ ಹುಡುಗಿ ಇದ್ದಳು. ಲೆಕ್ಕದಲ್ಲಿ ನನ್ನ ತಪ್ಪನ್ನೇ ಹಿಡಿಯುವ ಜಾಣೆ. ತಪ್ಪು ಹಿಡಿದ ಮೇಲೆ ಮೇಷ್ಟ್ರಿಗೆ ಬೇಜಾರಾಯಿತೇನೋ ಎಂದು ನನ್ನ ಮುಖ ನೋಡುವ ಮಗು. ಒಂದೇ ಕೋಣೆಯ ಮನೆ, ಅದರಲ್ಲಿ ಒಲೆಯೂ ಅಜ್ಜಿಯೂ ಮೇಕೆಯೂ ಇದ್ದುದರಿಂದ ಪ್ರತ್ಯೇಕ ಕೋಣೆಯ ಏರ್ಪಾಡು ಆಗಲಿಲ್ಲ. ಮಧ್ಯಾಹ್ನದ ಊಟವೂ ನಿಂತ ಮೇಲೆ ತಾಯಿ ಹನುಮಮ್ಮ ಮಗಳನ್ನು ಕರೆದುಕೊಂಡು ಅರೇಹಳ್ಳಿ ಕಡೆಯ ಕಾಫಿ ತೋಟಕ್ಕೆ ಕಳೆ ಕೀಳಲು ಹೊರಟುಹೋದರು. ಸುತ್ತೋಲೆಯನ್ನು ಇಡೀ ಊರಿನಲ್ಲಿ ಚಾಚೂ ತಪ್ಪದೆ ಪಾಲಿಸಿದವಳು ಇವಳೊಬ್ಬಳೇ ಎಂದು ಹೆಮ್ಮೆಯಿಂದ ತಿಳಿಸುತ್ತೇನೆ: ಶುದ್ಧ ಹವೆ, ವ್ಯಾಯಾಮ, ತಾಯಿಯ ಒಡನಾಟ, ಹಗುರವಾದ ಕೆಲಸ, ಎಲ್ಲವೂ ಅಲ್ಲಿ ಒಟ್ಟಿಗೇ ಸಿಕ್ಕಿದವು.

ತಾವು ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ ಶಾಲೆ ತೆರೆಯಿತು, ಬಿಸಿಯೂಟವೂ ಶುರುವಾಯಿತು. ಅರೇಹಳ್ಳಿ ದಾರಿಯಲ್ಲಿ ಬಿಟ್ಟ ಹಂದಿಗಳು ಯಾರನ್ನೂ ದಾರಿ ಕೇಳದೆ ವಾಪಸು ಬಂದು ಅದೇ ಚರಂಡಿಯಲ್ಲಿ ಮಲಗಿದವು. ಅದೇ ದಾರಿಯಲ್ಲಿ ಹೋದ ಮಂಜುಳಾ ಮಾತ್ರ ಬರಲಿಲ್ಲ.

ಒಂದು ಭಾನುವಾರ ನಾನೇ ಬಸ್ಸು ಹತ್ತಿ ಹೋದೆ. ಹುಡುಗಿಯ ಕೈ ಬಹಳ ಚುರುಕೆಂದು ತೋಟದ ಮೇಸ್ತ್ರಿ ನನ್ನೆದುರಿಗೇ ಹೊಗಳಿದ. ಮಂಜುಳಾ ಕುಡುಗೋಲನ್ನು ಬೆನ್ನ ಹಿಂದೆ ಮರೆಮಾಡಿಕೊಂಡು, "ಊಟ ಶುರುವಾಯ್ತಾ ಸಾ?" ಎಂದಳು. ಆಯಿತು ಎಂದೆ. ಅವಳು ತಾಯಿಯ ಮುಖ ನೋಡಿದಳು. ಹನುಮಮ್ಮ ಕೋಪಿಸಿಕೊಳ್ಳಲೂ ಇಲ್ಲ, ಅಳಲೂ ಇಲ್ಲ; "ಕಳ್ಸೋಕೆ ನಂಗೂ ಆಸೆ ಐತೆ ಮೇಷ್ಟ್ರೇ. ಆದ್ರೆ ನಾಳೆ ಇನ್ನೊಂದು ಜ್ವರ ಬತ್ತೈತೆ ಅಂತ ಮತ್ತೆ ಒಲೆ ಆರ್ಸಲ್ಲ ಅಂತ ಯಾರು ಮಾತು ಕೊಡ್ತೀರಿ?" ಎಂದು ಕೇಳಿದರು. ಕೇಳಿಕೊಂಡು ಬರುತ್ತೇನೆಂದು ಹೇಳಿ ನಾನು ವಾಪಸು ಬಸ್ಸು ಹತ್ತಿದೆ.

ಬಂದವನು ಇಂದುಧರ ಅವರನ್ನು ಕೇಳಿದೆ, ಅದು ತಮ್ಮ ಕೈಯಲ್ಲಿಲ್ಲ ಎಂದರು. ಕಚೇರಿಯಲ್ಲಿ ಕೇಳಿದೆ, ಜ್ವರ ಬರುವುದು ಬಿಡುವುದು ತಮ್ಮ ಕೈಯಲ್ಲಿಲ್ಲ ಎಂದರು. ಆದ್ದರಿಂದ, ಮಾನ್ಯರೇ, ಇದು ಯಾರ ಕೈಯಲ್ಲಿದೆಯೋ ಆ ತಮ್ಮನ್ನೇ ನೇರವಾಗಿ ಬೇಡಿಕೊಳ್ಳುತ್ತಿದ್ದೇನೆ. ಮಂಜುಳಾ ಎಸ್ಸೆಸ್ಸೆಲ್ಸಿ ಮುಗಿಸುವವರೆಗೆ ತಾವಾಗಲಿ ತಮ್ಮ ಬಂಧುಬಳಗದವರಾಗಲಿ ಈ ಕಡೆ ಬರುವುದಿಲ್ಲವೆಂದು, ಬಂದರೂ ತರಗತಿಗೆ ಬೀಗ ಬೀಳಲಿ, ಅಡುಗೆಮನೆಗೆ ಬೀಳಬಾರದೆಂದು ಎರಡು ಸಾಲು ಬರೆದು ಕಳಿಸುವ ಕೃಪೆ ಮಾಡಬೇಕು. ಆ ಕಾಗದ ಹಿಡಿದು ನಾನು ಮತ್ತೆ ಅರೇಹಳ್ಳಿ ಬಸ್ಸು ಹತ್ತುತ್ತೇನೆ. ಮನುಷ್ಯರ ಮಾತು ಕೊಡಿಸಲು ನನ್ನಿಂದ ಆಗಲಿಲ್ಲ.

ತಮ್ಮ ದರ್ಶನಭಾಗ್ಯ ಬೇಡವೇ ಬೇಡವೆಂದು ಕೈಮುಗಿಯುವ,
ತಮ್ಮ ವಿಶ್ವಾಸಿ,
ಭೀಮರಾಜ್

ವಿ.ಸೂ.: ಮಂಜುಳಾ ಯಾವಾಗ ಬಂದರೂ ಇರಲೆಂದು ಬೋರಮ್ಮ ದಿನವೂ ಒಬ್ಬರ ಊಟ ಹೆಚ್ಚಿಗೆ ಮಾಡಿ ಮುಚ್ಚಿಡುತ್ತಿದ್ದಾರೆ. ಮೊನ್ನೆ ತಪಾಸಣೆಗೆ ಬಂದ ಅಧಿಕಾರಿಗಳು ತಟ್ಟೆ ತೆರೆದು ನೋಡಿ, ಹಾಜರಾತಿ ಇಲ್ಲದ ಮಗುವಿಗೆ ಅನ್ನ ಬೇಯಿಸಿದ್ದೇಕೆಂದು ನನ್ನಿಂದ ವಿವರಣೆ ಕೇಳಿದ್ದಾರೆ. ತಾವು ಬಾರದೇ ಹೋದ ನಮ್ಮ ಶಾಲೆಗೆ ತಪ್ಪದೆ ಬಂದವರು ಅವರೇ.